ಬಾಡಿಗೆಯ ಆಚೆಗಿನ ಲೆಕ್ಕ

ಬೆಂಗಳೂರಿನಂತಹ ನಗರಗಳಲ್ಲಿ ಫ್ಲ್ಯಾಟ್ ಹಿಡಿಯುವ ಕುಟುಂಬಗಳು ಸಾಮಾನ್ಯವಾಗಿ ಮುಂಗಡವನ್ನೂ ಬಾಡಿಗೆಯನ್ನೂ ಮಾತ್ರ ವಿಚಾರಿಸುತ್ತವೆ. ಆದರೆ ಬಾಡಿಗೆಯು ಮನೆವೆಚ್ಚದ ಸ್ಥಿರ ಭಾಗವಷ್ಟೇ. ವಿದ್ಯುತ್ತು, ನೀರು, ಅನಿಲ ಇವುಗಳ ವೆಚ್ಚ ತಿಂಗಳಿಂದ ತಿಂಗಳಿಗೆ ಬದಲಾಗುವಂಥದು. ಮಕ್ಕಳ ಶುಲ್ಕಕ್ಕೆಂದು ಕೂಡಿಟ್ಟ ಹಣ ಕರಗುವುದು ಬಹುಮಟ್ಟಿಗೆ ಇಲ್ಲಿಯೇ.

2,000 ವಾಟ್‌ನ ಗೀಸರ್ ದಿನಕ್ಕೆ 1 ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್ ವ್ಯಯವಾಗುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು ಬಾಡಿಗೆದಾರರಿಗೂ ಅನ್ವಯಿಸುತ್ತದೆಯಾದರೂ, ಬಳಕೆ 200 ಯೂನಿಟ್ ಮೀರಿದ ತಿಂಗಳು ಪೂರ್ಣ ಬಿಲ್ಲನ್ನೇ ತೆರಬೇಕು. ಕೊಳವೆಬಾವಿ ಬತ್ತಿದರೆ ಟ್ಯಾಂಕರ್ ನೀರಿನ ಹೊರೆಯೂ ಸೇರುತ್ತದೆ. 2024ರ ಬೇಸಿಗೆ ಬೆಂಗಳೂರಿಗೆ ಈ ಪಾಠ ಕಲಿಸಿತು.

ಆದುದರಿಂದ ಕರಾರಿಗೆ ಸಹಿ ಹಾಕುವ ಮುನ್ನ ಪ್ರತ್ಯೇಕ ಮೀಟರ್ ಇದೆಯೇ, ಹಳೆಯ ಬಾಕಿ ಉಳಿದಿದೆಯೇ, ನೀರಿನ ವೆಚ್ಚ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಕೇಳಬೇಕು. ಕಳೆದ ಬೇಸಿಗೆಯ ಬಿಲ್ಲುಗಳನ್ನು ನೋಡಬೇಕು. ಇದಕ್ಕೆ ಸಂಕೋಚಪಡಬೇಕಾದುದಿಲ್ಲ. ಕೇಳುವ ಮೊದಲೇ ತಿಳಿಸುವುದು ಮಾಲೀಕರ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ನಮ್ಮಲ್ಲಿ ಮನೆ ಬಾಡಿಗೆಗೆ ಕೊಡುವವರೂ ಅನೇಕರಿದ್ದಾರೆ. ಬರಲಿರುವ ಹೊರೆಯನ್ನು ಮರೆಮಾಚಿ ಪಡೆದ ಬಾಡಿಗೆ ನ್ಯಾಯವಾದ ಗಳಿಕೆ ಎನಿಸಲಾರದು.