ಆರ್‌ಎಸ್‌ಐ ಎಂಬ ಹೊಸ ಪಂಚಾಂಗ

ರಾಹುಕಾಲ ನೋಡಿ ಹೊಸ್ತಿಲು ದಾಟುವವರನ್ನು ಕಂಡರೆ ನಮ್ಮ ತಲೆಮಾರಿಗೆ ನಗು. ಆದರೆ ಇದೇ ತಲೆಮಾರು ಮೀಟಿಂಗ್ ನಡುವೆ ಮೇಜಿನ ಕೆಳಗೆ ಮೊಬೈಲ್ ಹಿಡಿದು, ಆರ್‌ಎಸ್‌ಐ 30ರ ಕೆಳಗೆ ಇಳೀತಾ ಅಂತ ನೋಡಿ ಕಾಲ್ ಆಪ್ಷನ್ ಕೊಳ್ಳುತ್ತೆ. ಕೇಳಿದರೆ ಇದು ನಂಬಿಕೆ ಅಲ್ಲ ಗುರು, ಟೆಕ್ನಿಕಲ್ ಅನಾಲಿಸಿಸ್ ಅನ್ನುತ್ತೆ. ನನ್ನ ತಕರಾರು ಇರೋದು ಇಲ್ಲೇ.

ಮೊದಲು ಆ ಗೆರೆ ಏನು ಹೇಳುತ್ತೆ ನೋಡೋಣ. ರಿಲೇಟಿವ್ ಸ್ಟ್ರೆಂತ್ ಇಂಡೆಕ್ಸನ್ನು ಕೊಟ್ಟವರು ಅಮೆರಿಕದ ವೆಲ್ಸ್ ವೈಲ್ಡರ್, 1978ರ ತಮ್ಮ ಪುಸ್ತಕದಲ್ಲಿ. ಮೆಕ್ಯಾನಿಕಲ್ ಇಂಜಿನಿಯರ್ ಆಗಿದ್ದವರು, ಹಾಗಾಗಿ ಲೆಕ್ಕ ಅಚ್ಚುಕಟ್ಟಾಗಿದೆ. 14 ದಿನದಲ್ಲಿ ಬೆಲೆಯ ಏರಿಕೆ ಸರಾಸರಿ 3 ರೂಪಾಯಿ, ಇಳಿಕೆ ಸರಾಸರಿ 1 ರೂಪಾಯಿ ಅಂದುಕೊಳ್ಳಿ. ಒಟ್ಟು 4 ರೂಪಾಯಿ ಅಲುಗಾಟದಲ್ಲಿ 3 ಮೇಲಕ್ಕೆ. ಅಂದರೆ ಆರ್‌ಎಸ್‌ಐ 75. ಅಷ್ಟೇ ವಿಷಯ. ನಡೆದುಹೋದದ್ದರ ಲೆಕ್ಕ ಇದು, ನಾಳೆಯ ಬಗ್ಗೆ ಒಂದಕ್ಷರವೂ ಇದರಲ್ಲಿಲ್ಲ.

ಮೋಸ ಮಾಡೋದು ಲೆಕ್ಕ ಅಲ್ಲ, ಹೆಸರು. 70 ದಾಟಿದರೆ 'ಓವರ್‌ಬಾಟ್', 30ರ ಕೆಳಗೆ ಹೋದರೆ 'ಓವರ್‌ಸೋಲ್ಡ್'. 'ಅತಿಯಾಯ್ತು, ಇನ್ನು ತಿರುಗಲೇಬೇಕು' ಅನ್ನೋ ಭವಿಷ್ಯವನ್ನು ಆ ಪದಗಳೇ ನಮ್ಮ ಕಿವಿಯಲ್ಲಿ ಊದುತ್ತವೆ. ಆದರೆ 75 ಅಂದರೆ ಬೆಲೆ ಜೋರಾಗಿ ಏರುತ್ತಿದೆ ಅಂತಲೂ ಅರ್ಥ. ಗಟ್ಟಿ ಟ್ರೆಂಡ್ ಇದ್ದಾಗ ಗೆರೆ ವಾರಗಟ್ಟಲೆ 70ರ ಮೇಲೆಯೇ ಕೂತಿರಬಹುದು.

ಒಂದು ಉದಾಹರಣೆ. 2020ರ ಫೆಬ್ರವರಿ 28ರಂದು ನಿಫ್ಟಿ 11,200ರ ಆಸುಪಾಸಿನಲ್ಲಿ ಮುಗಿಯಿತು. 14 ದಿನದ ಆರ್‌ಎಸ್‌ಐ ಆಗಲೇ 30ರ ಕೆಳಗಿತ್ತು. ಸೂತ್ರದ ಪ್ರಕಾರ ಕೊಳ್ಳುವ ಕಾಲ. ಮಾರ್ಚ್ 23ಕ್ಕೆ ನಿಫ್ಟಿ ಎಲ್ಲಿತ್ತು ಗೊತ್ತಾ? 7,610. ಕೊರೋನಾ ಬರ್ತಿದೆ ಅಂತ ಗೆರೆಗೆ ಹೇಗೆ ಗೊತ್ತಾಗಬೇಕು ಪಾಪ!

'ಬರೀ 70-30 ನೋಡಬಾರದು, ಡೈವರ್ಜೆನ್ಸ್ ನೋಡಬೇಕು' ಅಂತ ಬಲ್ಲವರು ಹೇಳ್ತಾರೆ. ಸರಿಯಾದ ಮಾತೇ. ವೈಲ್ಡರ್ ಕೂಡ ಗೆರೆಯನ್ನು ಬೆಲೆಯ ಚಾರ್ಟ್ ಜೊತೆಗಿಟ್ಟು ಡೈವರ್ಜೆನ್ಸ್, ಫೇಲ್ಯೂರ್ ಸ್ವಿಂಗ್ ಎಲ್ಲ ನೋಡಲು ಹೇಳಿದ್ದರು. ಆದರೆ ಒಂದು ಡೈವರ್ಜೆನ್ಸ್ ಸುಳ್ಳಾದರೆ ಏನು ಮಾಡ್ತೀರಿ? 'ಎರಡನೆಯದಕ್ಕೆ ಕಾಯಬೇಕಿತ್ತು' ಅಂತೀರಿ. ಅದೂ ಸುಳ್ಳಾದರೆ ಟೈಮ್‌ಫ್ರೇಮ್ ಬದಲಿಸ್ತೀರಿ. ಯಾವತ್ತೂ ತಪ್ಪೇ ಆಗದ ಸೂತ್ರ ಪಂಚಾಂಗ ಆಗುತ್ತೆ, ವಿಶ್ಲೇಷಣೆ ಆಗಲ್ಲ.

ಇನ್ನೊಂದು ಕಿತಾಪತಿ ಇದೆ. ವೈಲ್ಡರ್ ಬರೆದದ್ದು ದಿನಕ್ಕೊಂದು ಮುಕ್ತಾಯದ ಬೆಲೆ ಹಿಡಿದು ಲೆಕ್ಕ ಹಾಕುವ ಕಮಾಡಿಟಿ ವ್ಯಾಪಾರಿಗಳಿಗೆ. ನಮ್ಮ ಹುಡುಗರು ಅದನ್ನೇ ಐದು ನಿಮಿಷದ ಚಾರ್ಟಿಗೆ ಹಾಕ್ತಾರೆ. 14 ಕ್ಯಾಂಡಲ್ ಅಂದರೆ 70 ನಿಮಿಷ. ಎಪ್ಪತ್ತು ನಿಮಿಷದ ಅಲುಗಾಟ ನೋಡಿ ಎಕ್ಸ್‌ಪೈರಿ ದಿನದ ಆಪ್ಷನ್ ಕೊಂಡರೆ, ಬೆಲೆ ತಿರುಗಿದರೂ ಸಾಲದು, ನಿಮ್ಮ ಗಡಿಯಾರಕ್ಕೆ ಸರಿಯಾಗಿ ತಿರುಗಬೇಕು. ಕಾಯುತ್ತಾ ಕೂತರೆ ಪ್ರೀಮಿಯಂ ಬಿಸಿಲಿಗಿಟ್ಟ ಐಸ್‌ಕ್ರೀಮಿನ ಥರ ಕರಗುತ್ತೆ.

ಇದರ ಬೆಲೆ ತೆರುವವರು ಯಾರು? 2024ರ ಸೆಪ್ಟೆಂಬರ್‌ನಲ್ಲಿ ಬಂದ ಸೆಬಿ ಅಧ್ಯಯನ ನೋಡಿ. 2021-22ರಿಂದ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಅಂಡ್ ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ 93% ಮಂದಿಗೆ ನಷ್ಟ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇವರಲ್ಲಿ 30 ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ 31%ರಿಂದ 43%ಕ್ಕೆ ಏರಿತ್ತು. ಇವರೆಲ್ಲ ಆರ್‌ಎಸ್‌ಐ ನೋಡಿಯೇ ಕಳೆದುಕೊಂಡರು ಅಂತ ಸೆಬಿ ಹೇಳಿಲ್ಲ, ನಾನೂ ಹೇಳ್ತಿಲ್ಲ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ: ವಿದೇಶಿ ಹೂಡಿಕೆ ಸಂಸ್ಥೆಗಳ ಲಾಭದ 97%, ಪ್ರೊಪ್ರೈಟರಿ ಟ್ರೇಡರ್‌ಗಳ ಲಾಭದ 96% ಬಂದದ್ದು ಆಲ್ಗೋ ಟ್ರೇಡಿಂಗಿನಿಂದ. ಎದುರಿಗೆ ಕೂತಿರೋದು ಯಂತ್ರ. ನಿಮ್ಮ ಆ್ಯಪಿನಲ್ಲಿ ಪುಕ್ಕಟೆ ಸಿಗುವ ಗೆರೆ ಅದಕ್ಕೆ ಕಾಣಿಸಲ್ವಾ?

ಗೆರೆ ಪುಕ್ಕಟೆ, ಅದನ್ನು ಓದಿಸುವ ಕ್ಲಾಸಿಗೆ ಮಾತ್ರ ಸಾವಿರಾರು ರೂಪಾಯಿ ಫೀಸು. ನನ್ನ ಸಿಟ್ಟು ಆರ್‌ಎಸ್‌ಐ ಮೇಲಲ್ಲ. ಥರ್ಮಾಮೀಟರ್ ಹಿಡಿದು ಜಾತಕ ಹೇಳುವವರ ಮೇಲೆ. ಸಂಬಳ ಬಂದ ವಾರವೇ ಇಎಂಐ, ಊರಿಗೆ ಕಳಿಸುವ ದುಡ್ಡು ಕಳೆದು ಉಳಿಯುವ ಹಣ ಎಷ್ಟು ಅಂತ ಅವರಿಗೂ ಗೊತ್ತು. ಅದಕ್ಕೇ ಅವರ ಕಣ್ಣು.

ಹಾಗಾದ್ರೆ ಆರ್‌ಎಸ್‌ಐ ಬಿಸಾಕೋಣವಾ? ಬೇಡ. ವೇಗ ಅಳೆಯಲು ಇರಲಿ. ಆದರೆ ಮುಂದಿನ ಸಲ ಯಾರಾದರೂ '30 ಬಂತು, ತಗೊಳ್ಳಿ' ಅಂದರೆ ಮೂರು ಪ್ರಶ್ನೆ ಕೇಳಿ. ಈ ನಿಯಮವನ್ನು ಹತ್ತು ವರ್ಷದ ಬೆಲೆಗಳ ಮೇಲೆ, ಬ್ರೋಕರೇಜ್ ಮತ್ತು ತೆರಿಗೆ ಕಳೆದು, ಪರೀಕ್ಷೆ ಮಾಡಿದ್ದೀರಾ? ತಪ್ಪಾಯ್ತು ಅಂತ ಒಪ್ಪಿಕೊಂಡು ಹೊರಬರುವ ಬೆಲೆ ಯಾವುದು, ಮೊದಲೇ ಬರೆದಿಟ್ಟಿದ್ದೀರಾ? ನಿಮ್ಮ ಆದಾಯ ಟ್ರೇಡಿಂಗಿನದ್ದಾ, ಕ್ಲಾಸಿನ ಫೀಸಿನದ್ದಾ? ಮೂರಕ್ಕೂ ಕಾಗದದ ಮೇಲೆ ಉತ್ತರ ಕೊಟ್ಟರೆ ಕೂತು ಕೇಳಿ. ಬರೀ ನಕ್ಕು ಸ್ಕ್ರೀನ್‌ಶಾಟ್ ತೋರಿಸಿದರೆ ನಿಮ್ಮ ದುಡ್ಡನ್ನು ಜೇಬಲ್ಲೇ ಇಟ್ಟುಕೊಂಡು ಎದ್ದು ಬನ್ನಿ.