ಆ್ಯಪ್ ಮಾಡೋರು ನಮ್ಮ ಬೆರಳು ನೋಡ್ಯಾರೇನು?

ಮೊಬೈಲಿನಲ್ಲಿ ನಕಾಶೆ ದೊಡ್ಡದು ಮಾಡಬೇಕಂದ್ರ ಎರಡು ಬೆರಳು ಕೂಡಿಸಿಟ್ಟು ಅಗಲಿಸಬೇಕು. ಸಣ್ಣದು ಮಾಡಬೇಕಂದ್ರ ಚಿವುಟಿದಂಗ ಮಾಡಬೇಕು. ಶಹರದ ಹುಡುಗರಿಗೆ ಇದು ನೀರು ಕುಡಿದಷ್ಟು ಸರಳ. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಒಣಬೇಸಾಯದವರಿಗೆ ಮಾತ್ರ ಇದೊಂದು ಕಸರತ್ತು. ಇದೇನು ಬರೆಯೋ ವಿಷಯ ಅಂತ ಕೆಲವರಿಗೆ ಅನಿಸಬಹುದು. ಆದರೆ ನಮ್ಮ ಹೊಲದಾಗ ಏನು ಬೆಳೆ ಅದ ಅಂತ ಸರಕಾರಕ್ಕೆ ಹೇಳೋ ಕೆಲಸ ಇವತ್ತು ಈ ಗಾಜಿನ ಮೇಲಿನ ಬೆರಳಿಗೆ ಬಂದದ. ಅದಕ್ಕೇ ನಮ್ಮ ಪತ್ರಿಕೆಯಲ್ಲಿ ಇದರ ಚರ್ಚೆ ಆಗಬೇಕು.

ಬೆರಳು ತಪ್ಪಿದರ ಬೆಳೆಯೂ ತಪ್ಪುತ್ತದ

2020ರ ಮುಂಗಾರಿನಲ್ಲಿ ರಾಜ್ಯ ಸರಕಾರ ಬೆಳೆ ಸಮೀಕ್ಷೆಯ ಆ್ಯಪನ್ನು ರೈತರ ಕೈಗೇ ಕೊಟ್ಟಿತು. ರೈತ ತನ್ನ ಹೊಲದಾಗ ನಿಂತು, ಸರ್ವೆ ನಂಬರ್ ಆರಿಸಿ, ಬೆಳೆ ಹೆಸರು, ವಿಸ್ತೀರ್ಣ ತುಂಬಿ, ಫೋಟೋ ಹೊಡೆದು ಕಳಿಸಬೇಕು. ವಿಚಾರ ಒಳ್ಳೇದೇ. ನಮ್ಮ ಬೆಳೆ ನಾವೇ ಬರೆಸೋದಕ್ಕಿಂತ ಚೊಲೋ ಏನದ? ಬೆಂಬಲ ಬೆಲೆಗೆ ತೊಗರಿ ಕೊಡುವಾಗ, ಬೆಳೆ ವಿಮೆಗೆ, ಬೆಳೆ ಹಾನಿ ಪರಿಹಾರಕ್ಕೆ, ಎಲ್ಲಕ್ಕೂ ಈ ದಾಖಲೆ ನೋಡ್ತಾರ. ಅದೇ ವರ್ಷ ಅಕ್ಟೋಬರಿನಲ್ಲಿ ಭೀಮಾ ಹೊಳಿ ಉಕ್ಕಿ ಅಫಜಲಪುರ, ಜೇವರ್ಗಿ ಕಡೆ ಹೊಲ ಮುಣುಗಿದವು. ಬೆಳೆ ಕೊಚ್ಚಿಕೊಂಡು ಹೋದ ಹೊಲದಾಗ ಏನು ಬಿತ್ತಿದ್ದೆವು ಅನ್ನೋದಕ್ಕೆ ಕಾಗದದ ಮೇಲೆ ಉಳಿಯೋದು ಇಂಥ ದಾಖಲೆ ಒಂದೇ.

ನಮ್ಮಲ್ಲಿ ಒಂದು ಸರ್ವೆ ನಂಬರಿಗೆ ಐದಾರು ಹಿಸ್ಸಾ. ಅಣ್ಣ-ತಮ್ಮಂದಿರ ಪಾಲು ಆಗಿ ಹೊಲ ಪಟ್ಟಿ ಪಟ್ಟಿ ಆಗ್ಯಾವ. ನಕಾಶೆಯಲ್ಲಿ ಆ ಪಟ್ಟಿ ಜೋಳದ ದಂಟಿಗಿಂತ ಸಣ್ಣಗೆ ಕಾಣ್ತದ. ದೊಡ್ಡದು ಮಾಡಲಿಕ್ಕೆ ಬರದಿದ್ದರ ಬೆರಳು ಬೀಳೋದು ಮಗ್ಗಲಿನವನ ಹೊಲದ ಮೇಲೆ. ಆವಾಗ ರೈತ ಏನು ಮಾಡ್ತಾನ? "ತಮ್ಮಾ, ನೀನೇ ಮಾಡಿ ಕೊಡಪಾ" ಅಂತ ಫೋನನ್ನೂ, ಓಟಿಪಿಯನ್ನೂ ಇನ್ನೊಬ್ಬರ ಕೈಗೆ ಕೊಡ್ತಾನ. ತೊಗರಿ ಇದ್ದಲ್ಲಿ ಹತ್ತಿ ಅಂತ ಒತ್ತಿದರೂ ಅವನಿಗೆ ತಿಳಿಯೋದಿಲ್ಲ. ರೈತನ ಕೈಗೆ ಕೊಟ್ಟದ್ದು ರೈತನ ಕೈಯಾಗ ಉಳಿಯಲಿಲ್ಲ ಅಂತಾಯ್ತು.

"ಮನ್ಯಾಗ ಹುಡುಗರು ಇರ್ತಾರಲ್ಲ, ಅವರು ಮಾಡ್ತಾರ" ಅನ್ನೋರು ಇದ್ದಾರೆ. ನಮ್ಮ ಕಡೆ ಹುಡುಗರು ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಾಕ ಹೋಗ್ಯಾರ. ಹೊಲದಾಗ ಇರೋರು ವಯಸ್ಸಾದವರು, ಹೆಣ್ಣುಮಕ್ಕಳು. ಆ್ಯಪ್ ಅವರ ಕೈಗೆ ಒಗ್ಗಬೇಕು.

ಗಾಜಿಗೆ ಬೆರಳು ತಿಳಿಯೋದು ಹೆಂಗ?

ನನ್ನ ತಂಗಿ ಮಗ ಬೆಂಗಳೂರಿನಾಗ ಆ್ಯಪ್ ಮಾಡೋ ಕೆಲಸದಾಗ ಇದ್ದಾನ. ಅವನ ಕಡೆಯಿಂದ ಕೇಳಿ ತಿಳಕೊಂಡದ್ದು ಇಷ್ಟು. ಗಾಜಿನ ಕೆಳಗೆ ಕಣ್ಣಿಗೆ ಕಾಣದ ತಂತಿಗಳು ಉದ್ದಕ್ಕೂ ಅಡ್ಡಕ್ಕೂ ಇರ್ತಾವ, ಚೌಕ ಸಾಲು ಹೊಡೆದ ಹೊಲದಂಗ. ಅದರಾಗ ಬಹಳ ಸಣ್ಣ ವಿದ್ಯುತ್ ಇರ್ತದ. ನಮ್ಮ ಬೆರಳಿನಾಗ ನೀರು, ಉಪ್ಪು ಇರೋದರಿಂದ ಬೆರಳು ಬಂದಲ್ಲಿ ಆ ವಿದ್ಯುತ್ ಸ್ವಲ್ಪ ಬದಲಾಗ್ತದ. ಯಾವ ಸಾಲಿಗೆ ಯಾವ ಸಾಲು ಕೂಡಿದಲ್ಲಿ ಬದಲಾಯ್ತು ಅನ್ನೋದರ ಮೇಲೆ ಬೆರಳಿನ ಜಾಗ ತಿಳಿತದ.

ಕುಂಟಿ, ಕುಡಗೋಲು ಹಿಡಿದು ದಡ್ಡುಗಟ್ಟಿದ, ಒಣಗಿ ಸೀಳಿದ ಬೆರಳನ್ನು ಗಾಜು ಸರಿಯಾಗಿ ಗುರುತಿಸೋದಿಲ್ಲ. ಮಳೆಹನಿ ಬಿದ್ದರ ಹನಿಯನ್ನೇ ಬೆರಳು ಅಂತ ತಿಳಿಯೋದೂ ಉಂಟು. ಮುಂಗಾರು ಬೆಳೆಯ ಸಮೀಕ್ಷೆ ಆಗೋದು ಮಳೆಗಾಲದಾಗೇ ಅಲ್ಲೇನು? ಒಂದು ಕೈಯಾಗ ಛತ್ರಿ, ಇನ್ನೊಂದರಾಗ ಫೋನು, ಕಾಲಿಗೆ ಎರಿ ಮಣ್ಣು ಹತ್ತಿಕೊಂಡದ. ಎರಡು ಬೆರಳು ಅಗಲಿಸಲಿಕ್ಕೆ ಮೂರನೆಯ ಕೈ ಎಲ್ಲಿಂದ ತರೋದು?

ಎತ್ತಿಗೆ ಹೆಸರಿಟ್ಟಂಗ

ಎಲ್ಲ ತಪ್ಪೂ ಗಾಜಿನದಲ್ಲ. ಆ್ಯಪ್ ಬರೆಯೋರ ಕೈಯಾಗ ಇರೋ ಕೆಲಸವೂ ಅದ. ಗಾಜಿನ ಮೇಲೆ ಇಳಿದ ಪ್ರತಿ ಬೆರಳಿಗೂ ಫೋನು ಒಂದು ನಂಬರ್ ಕೊಡ್ತದ. ಬೆರಳು ಎತ್ತೋತನಕ ಆ ನಂಬರ್ ಬದಲಾಗೋದಿಲ್ಲ. ಎರಡು ಬೆರಳಿನ ನಡುವಿನ ಅಂತರ ಮೊದಲು ಎಷ್ಟಿತ್ತು, ಈಗ ಎಷ್ಟಾಯ್ತು ಅಂತ ಲೆಕ್ಕ ಹಾಕಿ ಅಷ್ಟೇ ಪಟ್ಟು ನಕಾಶೆ ಹಿಗ್ಗಿಸಬೇಕು. ಆದರೆ ಕೆಲವರು ನಂಬರ್ ನೋಡದೆ "ಮೊದಲನೆಯದು, ಎರಡನೆಯದು" ಅಂತ ಸಾಲು ಹಿಡಿದು ಬರೀತಾರ. ಮೊದಲನೆಯ ಬೆರಳು ಎತ್ತಿದ ಕೂಡಲೆ ಎರಡನೆಯದೇ ಮೊದಲನೆಯದಾಗ್ತದ, ನಕಾಶೆ ಟಣ್ಣನೆ ಜಿಗಿದು ಬ್ಯಾರೆ ಊರ ಸೀಮೆಗೆ ಹೋಗ್ತದ. ಜೋಡಿ ಎತ್ತಿನಾಗ ಒಂದನ್ನು ಬಿಚ್ಚಿದರ ಉಳಿದ ಎತ್ತಿನ ಹೆಸರು ಬದಲಾಗ್ತದೇನು?

ಇನ್ನೊಂದು ಅದ. ಫೋನ್ ಹಿಡಿದ ಎಡಗೈಯ ಹೆಬ್ಬೆರಳು ಗಾಜಿನ ಅಂಚಿಗೆ ತಾಗಿದ್ದರ ಅದೂ ಒಂದು ಬೆರಳೇ. ನಾವು ಒಂದೇ ಬೆರಳಿಟ್ಟೆವು ಅಂತ ನಾವು ತಿಳಿತೀವಿ, ಎರಡು ಬಂದವು ಅಂತ ಆ್ಯಪ್ ತಿಳಿತದ. ಬೆರಳು ತುಸು ನಡುಗಿದ್ದನ್ನು ಎಳೆದದ್ದು ಅಂತ ತಿಳಿಯಬಾರದು. ಅಂಗೈ ತಾಗಿ ಫೋನೇ ಆ ಮುಟ್ಟುವಿಕೆ ರದ್ದು ಮಾಡಿದರ ಆ್ಯಪ್ ಅದನ್ನು ಒಪ್ಪಿಗೆ ಅಂತ ಹಿಡಿಯಬಾರದು. ಇದೆಲ್ಲ ಹೊಸ ವಿದ್ಯೆ ಅಲ್ಲ, ಗಮನ ಇಟ್ಟು ಮಾಡೋ ಕೆಲಸ ಅಷ್ಟೇ.

ಈ ವಿದ್ಯೆ ಹುಟ್ಟಿದ್ದರ ಹಿಂದೆಯೂ ಒಂದು ಕೈನೋವು ಅದ. 1982ರಲ್ಲಿ ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ನಿಮಿಷ್ ಮೆಹ್ತಾ ಅನ್ನೋರು ಒಂದಕ್ಕಿಂತ ಹೆಚ್ಚು ಬೆರಳು ಗುರುತಿಸೋ ಯಂತ್ರ ತೋರಿಸಿದ್ದರು. ಆಮೇಲೆ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ವೇಯ್ನ್ ವೆಸ್ಟರ್‌ಮನ್ ಅನ್ನೋರಿಗೆ ಟೈಪ್ ಮಾಡಿ ಮಾಡಿ ಕೈನೋವು ಬಂತು. ಅವರು ತಮ್ಮ ಗುರು ಜಾನ್ ಇಲಿಯಾಸ್ ಜೋಡಿ ಸೇರಿ, ಹಗುರ ಮುಟ್ಟಿದರ ಸಾಕು ಅನ್ನುವಂಥ ಹಲಗೆ ಮಾಡಿದರು. ಅವರ ಕಂಪನಿಯನ್ನು ಆ್ಯಪಲ್ 2005ರಲ್ಲಿ ಕೊಂಡಿತು, 2007ರಲ್ಲಿ ಐಫೋನ್ ಬಂತು. ನೋಯೋ ಕೈಯನ್ನು ನೋಡಿ ಬೆಳೆದ ವಿದ್ಯೆ ಇದು. ದುಡಿಯೋ ಕೈಯನ್ನು ನೋಡೋದು ಅದಕ್ಕೆ ಕಷ್ಟ ಆಗಬಾರದು.

ನಿಯಮ ಆಗಲೇ ಅದ

ನಾವು ಯಾರ ಹತ್ತಿರವೂ ಭಿಕ್ಷೆ ಕೇಳ್ತಿಲ್ಲ. ವೆಬ್ ಕೆಲಸಕ್ಕೆ ಜಗತ್ತಿಗೆಲ್ಲ ಮಟ್ಟ ಹಾಕಿಕೊಡೋ ಡಬ್ಲ್ಯು3ಸಿ ಸಂಸ್ಥೆ 2018ರಲ್ಲೇ ಹೇಳ್ಯಾದ: ಹಲವು ಬೆರಳಿನಿಂದ ಮಾಡೋ ಕೆಲಸವನ್ನು, ತೀರಾ ಅನಿವಾರ್ಯ ಇದ್ದಲ್ಲಿ ಬಿಟ್ಟರೆ, ಒಂದೇ ಬೆರಳಿನಿಂದ ಮಾಡಲಿಕ್ಕೂ ದಾರಿ ಇರಬೇಕು. 2023ರಲ್ಲಿ ಬಂದ, ಸರಕಾರಿ ವೆಬ್‌ಸೈಟು ಮತ್ತು ಆ್ಯಪ್‌ಗಳ ಕೇಂದ್ರದ ಮಾರ್ಗಸೂಚಿಗೂ ಅದೇ ನಿಯಮಾವಳಿ ಆಧಾರ. ಇದು ಮುಖ್ಯವಾಗಿ ಅಂಗವಿಕಲರ ಸಲುವಾಗಿ ಬಂದದ್ದು. ಮೇವು ಕತ್ತರಿಸೋ ಯಂತ್ರಕ್ಕೆ ಬೆರಳು ಕೊಟ್ಟವರು ನಮ್ಮ ಊರುಗಳಲ್ಲೂ ಇದ್ದಾರೆ. ಅವರಿಗೆ ಅನುಕೂಲ ಆದದ್ದು ನಮಗೆಲ್ಲ ಅನುಕೂಲ.

ನಾವು ಕೇಳಬೇಕಾದದ್ದು

1. ನಕಾಶೆ ಇದ್ದಲ್ಲಿ ಕೂಡಿಸೋ ಗುರುತು, ಕಳೆಯೋ ಗುರುತಿನ ಗುಂಡಿ ಇರಲಿ. ಎರಡು ಬೆರಳಿನ ದಾರಿ ಬೇಕಾದವರಿಗೆ ಅದೂ ಇರಲಿ.

2. ಗುಂಡಿ ದೊಡ್ಡದಿರಲಿ. ಆಂಡ್ರಾಯ್ಡ್ ಫೋನಿನ ಆ್ಯಪಿಗೆ ಗೂಗಲ್ಲಿನವರು ಹೇಳೋ ಅಳತೆ ಸುಮಾರು 9 ಮಿಲಿಮೀಟರ್. ನಮ್ಮ ಹೆಬ್ಬೆರಳಿಗೆ ಅದೂ ಕಡಿಮೆನೇ.

3. ಕಳಿಸೋ ಮೊದಲು ಸರ್ವೆ ನಂಬರ್, ಹಿಸ್ಸಾ, ಬೆಳೆ, ಎಕರೆ-ಗುಂಟೆ ದೊಡ್ಡ ಕನ್ನಡ ಅಕ್ಷರದಲ್ಲಿ ತೋರಿಸಿ "ಸರಿ ಇದೆಯೇ?" ಅಂತ ಕೇಳಲಿ. ಹಿಂದೆ ಹೋಗಿ ತಿದ್ದಲಿಕ್ಕೆ ಬರಲಿ.

4. ಆ್ಯಪ್ ಬಿಡುಗಡೆ ಮಾಡೋ ಮೊದಲು ಜುಲೈ ತಿಂಗಳಾಗ ಒಮ್ಮೆ ನಮ್ಮ ಹೊಲಕ್ಕೆ ಬರಲಿ. ಕಸ ತೆಗೆದು ಬಂದ ಹೆಣ್ಣುಮಗಳ ಕೈಗೆ ಫೋನ್ ಕೊಟ್ಟು ಸುಮ್ಮನೆ ನೋಡ್ತಾ ನಿಲ್ಲಲಿ.

ಇದು ಯಾವುದೋ ಒಂದು ಆ್ಯಪಿನ ಮೇಲಿನ ದೂರಲ್ಲ. ಸರಕಾರದ್ದಿರಲಿ, ಕಂಪನಿಯದಿರಲಿ, ರೈತರಿಗೆ ಅಂತ ಮಾಡಿದ ಎಲ್ಲದಕ್ಕೂ ಈ ಮಾತು.

ಅಲ್ಲೀತನಕ

ಬೆರಳು ತೊಳೆದು, ಒರೆಸಿ ಮುಟ್ಟಿರಿ. ತೀರಾ ಒಣಗಿದ್ದರ ಸ್ವಲ್ಪ ಹಸಿ ಮಾಡಿಕೊಳ್ಳಿರಿ. ಗಾಜಿನ ಮೇಲಿನ ಹನಿ ಒರೆಸಿರಿ. ಫೋನನ್ನು ಅಂಗೈ ಮೇಲೆ ಇಟ್ಟುಕೊಳ್ಳಿರಿ, ಹೆಬ್ಬೆರಳು ಅಂಚಿಗೆ ತಾಗದಿರಲಿ. ಕೆಲವು ಫೋನಿನ ಸೆಟ್ಟಿಂಗ್ಸಿನಾಗ ಸ್ಪರ್ಶ ಚುರುಕು ಮಾಡೋ ಸೌಕರ್ಯ ಅದ, ಹಾಕಿಕೊಳ್ಳಿರಿ. ಗೂಗಲ್ ಮ್ಯಾಪಿನಾಗ ಒಂದೇ ಬೆರಳಿನಿಂದ ಎರಡು ಸಲ ಬೇಗನೆ ತಟ್ಟಿ, ಎರಡನೆಯ ಸಲ ಬೆರಳು ಎತ್ತದೆ ಮೇಲೆ-ಕೆಳಗೆ ಸರಿಸಿದರ ನಕಾಶೆ ದೊಡ್ಡ-ಸಣ್ಣ ಆಗ್ತದ. ಬ್ಯಾರೆ ಆ್ಯಪಿನಾಗೂ ಮಾಡಿ ನೋಡಿರಿ, ಕೆಲವದರಾಗ ನಡೀತದ. ಇನ್ನೊಬ್ಬರಿಂದ ತುಂಬಿಸಿದರೂ ಕಳಿಸೋ ಮೊದಲು ಬೆಳೆ ಹೆಸರು ಓದಿಸಿ ಕೇಳಿರಿ. ಓಟಿಪಿ ಹೇಳೋದು ಅದರ ನಂತರ ಏನೇನು ಒತ್ತುತಾರ ಅಂತ ಕಣ್ಣಿಟ್ಟು ನೋಡಲಿಕ್ಕೆ ಆಗುವಾಗ ಮಾತ್ರ.

ಯಾವ ಆ್ಯಪಿನಾಗ ಎಲ್ಲಿ ಬೆರಳು ಸಿಕ್ಕಿಹಾಕಿಕೊಳ್ತದ ಅಂತ ಓದುಗ ರೈತರು ಪತ್ರಿಕೆಗೆ ಒಂದು ಕಾರ್ಡು ಬರೀರಿ. ನಾಲ್ಕು ಜಿಲ್ಲೆಯ ನೂರು ಕಾರ್ಡು ಕೂಡಿದರ ಕೃಷಿ ಇಲಾಖೆಯ ಮುಂದೆ ಇಡಲಿಕ್ಕೆ ಬರ್ತದ. ಬಾಯಿಲೆ ಹೇಳಿದ್ದು ಗಾಳಿಗೆ ಹೋಗ್ತದ, ಬರೆದದ್ದು ಉಳೀತದ.