ಹೊಸ ರ‍್ಯಾಕೆಟ್ಟು, ಹಳೇ ತೋಳು

ಈಗಷ್ಟೇ ಪಿ.ಯು.ಸಿ.ಗೆ ಸೇರಿರುವ ಹುಡುಗನೊಬ್ಬ ಪತ್ರ ಬರೆದಿದ್ದಾನೆ. ನಾಲ್ಕು ವರ್ಷ ಅಲ್ಯೂಮಿನಿಯಂ ರ‍್ಯಾಕೆಟ್ಟಿನಲ್ಲಿ ಟೆನಿಸ್ ಆಡಿದವನು. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂತೆಂದು ತಂದೆ ಗ್ರಾಫೈಟ್ ರ‍್ಯಾಕೆಟ್ ಕೊಡಿಸಿದರಂತೆ. ಅವರ ಅರ್ಧ ತಿಂಗಳ ಸಂಬಳ ಅದಕ್ಕೇ ಹೋಯಿತಂತೆ. ಅಂದಿನಿಂದ ಇವನು ಹೊಡೆದ ಚೆಂಡೆಲ್ಲ ಹಿಂದಿನ ಗೆರೆಯ ಆಚೆ ಬೀಳುತ್ತಿದೆ. ಹಿಂದೆ ಸುಲಭವಾಗಿ ಸೋಲಿಸುತ್ತಿದ್ದ ಗೆಳೆಯನ ಕೈಯಲ್ಲಿ ಈಗ ಸೋಲು. ರ‍್ಯಾಕೆಟ್ಟಿನ ಮೇಲೆ ದೂರು ಹೇಳಿದರೆ, ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ ಎಂದು ಮನೆಯಲ್ಲಿ ಹಂಗಿಸುತ್ತಾರೆ. ಮುಂದಿನ ತಿಂಗಳು ಕಾಲೇಜು ತಂಡದ ಆಯ್ಕೆ. "ಸರ್, ತಪ್ಪು ರ‍್ಯಾಕೆಟ್ಟಿನದೋ, ನನ್ನದೋ? ಅಪ್ಪ ಅದನ್ನು ಮಾರಿಬಿಡೋಣ ಎನ್ನುತ್ತಿದ್ದಾರೆ" ಎಂಬುದು ಅವನ ಪ್ರಶ್ನೆ.

ಗಾದೆಯ ಮಾತು ಇರಲಿ, ಈ ಸಲ ನೆಲ ನಿಜವಾಗಿಯೂ ಸ್ವಲ್ಪ ಡೊಂಕಾಗಿದೆ. ಹೇಗೆಂದು ಲೆಕ್ಕ ಮಾಡಿ ನೋಡೋಣ.

ನೆಲಕ್ಕೆ ಸಮಾನಾಂತರವಾಗಿ ಹೊರಟ ಚೆಂಡು ಎಷ್ಟು ಹೊತ್ತಿಗೆ ನೆಲ ಮುಟ್ಟುತ್ತದೆ ಎಂಬುದನ್ನು ನಿರ್ಧರಿಸುವುದು ಅದು ಹೊರಟ ಎತ್ತರ, ವೇಗವಲ್ಲ. ಗಾಳಿಯ ತಡೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಆಗ ಚೆಂಡು ಸಾಗುವ ದೂರ ವೇಗಕ್ಕೆ ನೇರ ಅನುಪಾತದಲ್ಲಿರುತ್ತದೆ. ಟೆನಿಸ್ ಅಂಕಣದ ಉದ್ದ 23.77 ಮೀಟರ್. ಹಳೆಯ ರ‍್ಯಾಕೆಟ್ಟಿನಲ್ಲಿ 23 ಮೀಟರ್ ದೂರಕ್ಕೆ, ಅಂದರೆ ಗೆರೆಯ ಒಳಗೇ ಬೀಳುತ್ತಿದ್ದ ಚೆಂಡು, ಹೊಸದರಲ್ಲಿ ಶೇಕಡಾ 5ರಷ್ಟು ಹೆಚ್ಚು ವೇಗ ಪಡೆದರೆ ಸಾಕು, 24 ಮೀಟರ್ ದಾಟುತ್ತದೆ. ಹುಡುಗ ಹೊಡೆದದ್ದು ಅದೇ ಹೊಡೆತ. ಪಂಚ್ ಹೇಳುವುದು ಮಾತ್ರ 'ಔಟ್'.

ಆ ಹೆಚ್ಚಿನ ವೇಗ ಬಂದದ್ದೆಲ್ಲಿಂದ? ರ‍್ಯಾಕೆಟ್ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಕಡಿಮೆ ಪೋಲು ಮಾಡುತ್ತದೆ, ಅಷ್ಟೆ. ನಿಯಮದ ಪ್ರಕಾರ ಸಾಮಾನ್ಯ ಟೆನಿಸ್ ಚೆಂಡನ್ನು 254 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಅದು 135ರಿಂದ 147 ಸೆಂ.ಮೀ. ಮಾತ್ರ ಪುಟಿಯಬೇಕು. ಎಂದರೆ ಚಪ್ಪಟೆಯಾಗಿ ಮತ್ತೆ ಉಬ್ಬುವಷ್ಟರಲ್ಲಿ ಚೆಂಡು ತನ್ನ ಶಕ್ತಿಯ ಅರ್ಧಕ್ಕೆ ಹತ್ತಿರದಷ್ಟನ್ನು ಕಳೆದುಕೊಳ್ಳುತ್ತದೆ. ರ‍್ಯಾಕೆಟ್ಟಿನ ತಂತಿಗಳು ಹಾಗಲ್ಲ, ಪಡೆದದ್ದರಲ್ಲಿ ಬಹುಪಾಲನ್ನು ಹಿಂದಿರುಗಿಸುತ್ತವೆ. ರ‍್ಯಾಕೆಟ್ಟನ್ನು ನೆಲದ ಮೇಲೆ ಮಲಗಿಸಿ, ಚೌಕಟ್ಟನ್ನು ಎರಡೂ ಕಡೆ ಒತ್ತಿ ಹಿಡಿದು, ಒಂದು ಮೀಟರ್ ಎತ್ತರದಿಂದ ಚೆಂಡನ್ನು ತಂತಿಗಳ ಮೇಲೆ ಬಿಡಿ. ಬಳಿಕ ಪಕ್ಕದ ಸಿಮೆಂಟ್ ನೆಲಕ್ಕೆ ಬಿಡಿ. ವ್ಯತ್ಯಾಸ ಅಳತೆಪಟ್ಟಿಯಿಲ್ಲದೆಯೂ ಕಾಣುತ್ತದೆ.

ಇಲ್ಲಿಯೇ ಗಟ್ಟಿಂಗ್‌ನ ಗುಟ್ಟಿದೆ. (ಪ್ರಾಣಿಗಳ ಕರುಳಿನಿಂದ ತಂತಿ ಮಾಡುತ್ತಿದ್ದುದರಿಂದ ಈ ಹೆಸರು, ಇಂದಿಗೂ ದೊಡ್ಡ ಆಟಗಾರರಲ್ಲಿ ಕೆಲವರು ಅದನ್ನೇ ಬಳಸುತ್ತಾರೆ.) ಬಿಗಿ ಹೆಚ್ಚಾದರೆ ಹೊಡೆತದ ಬಿರುಸು ಹೆಚ್ಚುತ್ತದೆ ಎಂದು ಮಕ್ಕಳು ನಂಬಿರುತ್ತಾರೆ. ಆಗುವುದು ತಿರುಗುಮುರುಗು. ಸಡಿಲ ತಂತಿ ತಾನು ಹೆಚ್ಚು ಬಾಗಿ ಚೆಂಡನ್ನು ಕಡಿಮೆ ಚಪ್ಪಟೆ ಮಾಡುತ್ತದೆ. ಪೋಲು ಕಡಿಮೆ, ವೇಗ ತುಸು ಹೆಚ್ಚು. ಚೌಕಟ್ಟಿನ ಮಾತೂ ಇದೆ. ಬಾಗುವ ಚೌಕಟ್ಟು ಶಕ್ತಿಯನ್ನು ನುಂಗುತ್ತದೆ. ಅದು ಬಾಗಿ ಮತ್ತೆ ನೆಟ್ಟಗಾಗುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ, ಏಕೆಂದರೆ ಚೆಂಡು ತಂತಿಯ ಮೇಲಿರುವುದೇ ಒಂದು ಸೆಕೆಂಡಿನ 200ನೆಯ ಒಂದು ಭಾಗದಷ್ಟು ಹೊತ್ತು. ಗ್ರಾಫೈಟ್ ಹಗುರವಾಗಿದ್ದೂ ಬಿರುಸಾದ ವಸ್ತು. ಅದು ಅಷ್ಟಾಗಿ ಬಾಗುವುದಿಲ್ಲ.

ಇನ್ನು ಅಗಲದ ವಿಷಯ. ಇದರ ಹಿಂದೆ ಒಂದು ಸ್ವಾರಸ್ಯದ ಕಥೆಯಿದೆ. ಹೋವರ್ಡ್ ಹೆಡ್ ಎಂಬ ಅಮೆರಿಕದ ಎಂಜಿನಿಯರ್ ಮೊದಲು ವಿಮಾನ ಕಾರ್ಖಾನೆಯಲ್ಲಿದ್ದು, ಆಮೇಲೆ ಹಿಮದ ಮೇಲೆ ಜಾರುವ ಲೋಹದ ಸ್ಕೀಗಳನ್ನು ಮಾಡಿ ಹೆಸರಾದವನು. ಕಂಪನಿ ಮಾರಿ ವಿಶ್ರಾಂತನಾದ ಮೇಲೆ ಟೆನಿಸ್ ಕಲಿಯಲು ಹೊರಟ. ಆಟ ಒಲಿಯಲಿಲ್ಲ. ಚೆಂಡು ನಡುವಿಗೆ ಬಡಿಯದೆ ಪಕ್ಕಕ್ಕೆ ಬಡಿದಾಗಲೆಲ್ಲ ರ‍್ಯಾಕೆಟ್ ಕೈಯಲ್ಲಿ ಹೊರಳುತ್ತಿತ್ತು. ಇನ್ನೊಬ್ಬನಾಗಿದ್ದರೆ ಆಟ ಬಿಡುತ್ತಿದ್ದ. ಈತ ರ‍್ಯಾಕೆಟ್ಟನ್ನೇ ಅಗಲ ಮಾಡಿದ. ಮರದ ರ‍್ಯಾಕೆಟ್ಟುಗಳ ಮುಖ ಸುಮಾರು 70 ಚದರ ಅಂಗುಲವಿದ್ದ ಕಾಲದಲ್ಲಿ, 1976ರಲ್ಲಿ, ಅವನ ಪ್ರಿನ್ಸ್ ರ‍್ಯಾಕೆಟ್ ಸುಮಾರು 110 ಚದರ ಅಂಗುಲದ ಮುಖ ಹೊತ್ತು ಬಂತು. ನೋಡಿದವರು ನಕ್ಕರು. 1978ರಲ್ಲಿ 16 ವರ್ಷದ ಪ್ಯಾಮ್ ಶ್ರೈವರ್ ಅದನ್ನೇ ಹಿಡಿದು ಅಮೆರಿಕನ್ ಓಪನ್ ಫೈನಲ್‌ವರೆಗೆ ಹೋದಳು.

ಹೊರಳುವುದನ್ನು ತಡೆಯುವ ಗುಣ ಅಗಲದ ವರ್ಗಕ್ಕೆ ಅನುಗುಣ. ತೂಕ ಅಷ್ಟೇ ಇದ್ದು ಅಂಚುಗಳು ಶೇಕಡಾ 20ರಷ್ಟು ದೂರ ಸರಿದರೆ 1.2ರ ವರ್ಗ, ಅಂದರೆ 1.44. ತಡೆ ಶೇಕಡಾ 44ರಷ್ಟು ಹೆಚ್ಚಿತು! ಇದನ್ನೇ ನೀವು ಪಿ.ಯು.ಸಿ.ಯಲ್ಲಿ 'ಮೊಮೆಂಟ್ ಆಫ್ ಇನರ್ಷಿಯಾ' ಎಂದು ಓದುತ್ತೀರಿ.

ಅದೇ ಸೂತ್ರ ಉದ್ದಕ್ಕೂ ಅನ್ವಯಿಸುತ್ತದೆ. ಅಂಗಡಿಯವರು ಹಳೆಯದೂ 300 ಗ್ರಾಂ, ಹೊಸದೂ 300 ಗ್ರಾಂ ಎಂದರಂತೆ. ತಕ್ಕಡಿಯಲ್ಲಿ ಸರಿ, ತೋಳಿಗೆ ತಕ್ಕಡಿಯ ಲೆಕ್ಕ ಸಾಲದು. ಬೀಸುವಾಗ ಹಿಡಿಯಿಂದ ಎರಡರಷ್ಟು ದೂರದಲ್ಲಿರುವ ಒಂದು ಗ್ರಾಂ ನಾಲ್ಕರಷ್ಟು ಜಡತ್ವ ತೋರುತ್ತದೆ. ಎರಡೂ ರ‍್ಯಾಕೆಟ್ಟುಗಳನ್ನು ಒಂದೊಂದಾಗಿ ಸ್ಕೇಲಿನ ಅಂಚಿನ ಮೇಲೆ ಅಡ್ಡಲಾಗಿಟ್ಟು ಸಮತೋಲನದ ಬಿಂದುವಿಗೆ ಸೀಮೆಸುಣ್ಣದ ಗುರುತು ಹಾಕಿ. ಗುರುತುಗಳು ಬೇರೆ ಬೇರೆ ಕಡೆ ಬಿದ್ದರೆ ಬೀಸು ಒಂದೇ ಆಗಿರುವುದು ಕಷ್ಟ. ರ‍್ಯಾಕೆಟ್ ಎದುರು ತಿರುಗುವುದರಲ್ಲಿ ಕಣ್ಣಿಗೆ ಕಾಣದಷ್ಟು ಮುಂಚೆ ಅಥವಾ ತಡವಾಗುತ್ತದೆ. ಚೆಂಡು ಒಂದೇ ಒಂದು ಡಿಗ್ರಿ ಪಕ್ಕಕ್ಕೆ ಹೊರಟರೂ ಅಂಕಣದ ಆಚೆ ತುದಿಯಲ್ಲಿ 41 ಸೆಂ.ಮೀ. ಅಂತರ ಬೀಳುತ್ತದೆ.

ಇಷ್ಟು ಹೇಳಿದ ಮೇಲೆ ರೋಜರ್ ಫೆಡರರ್ ಕಥೆ ಹೇಳಲೇಬೇಕು. ಅವನ ರ‍್ಯಾಕೆಟ್ಟಿನ ಮುಖ ಹತ್ತು ವರ್ಷಕ್ಕೂ ಮಿಕ್ಕಿ 90 ಚದರ ಅಂಗುಲ. 2013ರ ವಿಂಬಲ್ಡನ್‌ನಲ್ಲಿ ಎರಡನೆಯ ಸುತ್ತಿಗೇ ಸೋತ ಮೇಲೆ, ಆ ಬೇಸಿಗೆಯಲ್ಲೇ 98ರದ್ದನ್ನು ಹಿಡಿದು ಹ್ಯಾಂಬರ್ಗ್ ಮತ್ತು ಸ್ಟಾಡ್‌ನಲ್ಲಿ ಆಡಿದ. ಎರಡೂ ಕಡೆ ತನಗಿಂತ ಬಹಳ ಕೆಳಗಿನವರಿಗೆ ಸೋತ. ಬೆನ್ನು ನೋವೂ ಇತ್ತು. ಹಳೆಯದಕ್ಕೇ ಮರಳಿದ, ಅಮೆರಿಕನ್ ಓಪನ್‌ನಲ್ಲಿ ಅದರಲ್ಲೂ ಸೋತ. ಆದರೆ ವರ್ಷಾಂತ್ಯದ ಬಿಡುವಿನಲ್ಲಿ ದೊಡ್ಡ ಮುಖವನ್ನು ಮತ್ತೆ ಕೈಗೆತ್ತಿಕೊಂಡು 2014ಕ್ಕೆ ಅದರೊಡನೆಯೇ ಬಂದ. ಕೊನೆಗೆ ನಿಂತದ್ದು 97ಕ್ಕೆ. ಅದರಲ್ಲಿ ಅವನಿಗೆ ಮತ್ತೆ ಗ್ರ್ಯಾಂಡ್‌ಸ್ಲಾಂ ಸಿಕ್ಕಿದ್ದು 2017ರ ಆಸ್ಟ್ರೇಲಿಯನ್ ಓಪನ್‌ನಲ್ಲಿ. ರ‍್ಯಾಕೆಟ್ಟೊಂದೇ ಕಾರಣ ಎಂದರೆ ವಿಜ್ಞಾನವಾಗದು, ನಡುವೆ ತರಬೇತುದಾರರು ಬದಲಾಗಿದ್ದರು, ಮೊಣಕಾಲಿಗೆ ಆರು ತಿಂಗಳ ವಿಶ್ರಾಂತಿಯೂ ಸಿಕ್ಕಿತ್ತು. ನನಗೆ ಮುಖ್ಯವೆನಿಸುವುದು ಇದು: 90ರಿಂದ 97 ಎಂದರೆ ಅಗಲದಲ್ಲಿ ಹೆಚ್ಚಿದ್ದು ಒಂದು ಸೆಂಟಿಮೀಟರಿನಷ್ಟೂ ಇಲ್ಲ. ಅಷ್ಟಕ್ಕೆ ಅಂಥ ತೋಳಿಗೂ ಅಭ್ಯಾಸದ ಕಾಲ ಬೇಕಾಯಿತು.

ಬದಲಾಯಿಸುವುದೇ ಬೇಡ ಎಂದು ಕೂತವರ ಗತಿಯನ್ನೂ ನೋಡಿ. ಬ್ಯೋನ್ ಬೋರ್ಗ್ 1991ರಲ್ಲಿ ಮರದ ರ‍್ಯಾಕೆಟ್ ಹಿಡಿದೇ ಮಾಂಟೆ ಕಾರ್ಲೊದಲ್ಲಿ ಮರಳಿ ಕಣಕ್ಕಿಳಿದ. ಜೋರ್ಡಿ ಅರೀಸೆ ಎಂಬವನ ಎದುರು 2-6, 3-6ರಿಂದ ಸೋತ.

ಆದುದರಿಂದ, ಮಗು, ರ‍್ಯಾಕೆಟ್ ಮಾರಬೇಡ. ಗಟ್ಟಿಂಗ್ ಮಾಡುವವರಲ್ಲಿಗೆ ಒಯ್ದು ಬಿಗಿಯನ್ನು ಎರಡು ಮೂರು ಪೌಂಡ್ ಏರಿಸು. ಚೌಕಟ್ಟಿನ ಮೇಲೆ ಅಚ್ಚಾಗಿರುವ ಮಿತಿ ದಾಟದಿರಲಿ. ಆಯ್ಕೆಗೆ ನಾಲ್ಕೇ ವಾರವಿರುವಾಗ ನಾನಾದರೆ ಹಳೆಯದರಲ್ಲೇ ಆಡು ಎನ್ನುತ್ತೇನೆ. ಇಂದು ಅದು, ನಾಳೆ ಇದು ಎಂದು ಮಾತ್ರ ಬೇಡ, ತೋಳು ಎರಡನ್ನೂ ಕಲಿಯದು. ಆಯ್ಕೆ ಮುಗಿದ ಮರುದಿನ ಹಳೆಯದನ್ನು ಅಟ್ಟಕ್ಕೆ ಹಾಕಿ, ಒಂದೆರಡು ತಿಂಗಳು ಅಂಕ ಎಣಿಸದೆ ಹೊಸದರಲ್ಲಿ ಆಡು. ತಂದೆಯವರಿಗೆ ಒಂದು ಮಾತು: ಹಗುರವಾದ ಬಿರುಸು ರ‍್ಯಾಕೆಟ್ ಹೊಡೆತದ ಅದಿರನ್ನು ಕೈಗೆ ಹೆಚ್ಚು ದಾಟಿಸುತ್ತದೆ. ಹುಡುಗ ಮೊಣಕೈ ನೋವೆಂದರೆ ನೆಪವೆನ್ನದೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಆ ಅದಿರಿಗೆಂದು ತಂತಿಗಳ ನಡುವೆ ಸಿಕ್ಕಿಸುವ ಪುಟ್ಟ ರಬ್ಬರ್ ಗುಂಡಿಯನ್ನು ಅಂಗಡಿಯಲ್ಲಿ ಜೊತೆಗೆ ಮಾರುತ್ತಾರೆ. ಅದು ತಡೆಯುವುದು ತಂತಿಯ 'ಟಿಂಗ್' ಸದ್ದನ್ನು ಮಾತ್ರ. ಕೈ ಅದಿರುವುದು ಚೌಕಟ್ಟು ಕಂಪಿಸುವುದರಿಂದ. ಕೆಲವೇ ಗ್ರಾಂ ತೂಕದ ಗುಂಡಿಗೆ ಅದರ ಗೊಡವೆಯೇ ಇಲ್ಲ. ಸದ್ದು ಹಿಡಿಸದಿದ್ದರೆ ಹಾಕಿಕೊಳ್ಳಬಹುದು.